ಮಳೆಗಾಲದ ಬಿಡುವಿನಲ್ಲಿ ಬಯಲಿನಲ್ಲಿ ನಿಲ್ಲಿಸುವ ಟ್ರ್ಯಾಕ್ಟರ್ ಟ್ರೈಲರ್‌ಗಳ ಸಂರಕ್ಷಣೆ

ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿ ಹೋಬಳಿ ಹಾಗೂ ನೆರೆಯ ಮಧುಗಿರಿ, ಶಿರಾ, ಪಾವಗಡ ತಾಲ್ಲೂಕುಗಳಲ್ಲಿ ಟ್ರ್ಯಾಕ್ಟರ್ ಟ್ರೈಲರ್‌ಗೆ ವರ್ಷವಿಡೀ ಕೆಲಸವಿರುವುದಿಲ್ಲ. ಬೇಸಿಗೆಯಲ್ಲಿ ಕೊಟ್ಟಿಗೆ ಗೊಬ್ಬರ ಹಾಗೂ ಕೆರೆಗೋಡನ್ನು ಹೊಲಕ್ಕೆ ಸಾಗಿಸಿದ ನಂತರ ಅದು ನಿಂತರೆ, ಸಾಮಾನ್ಯವಾಗಿ ಕಡಲೆಕಾಯಿ ಕಿತ್ತು ರಾಗಿ ಕೊಯ್ಲಿಗೆ ಬರುವವರೆಗೂ ಕದಲುವುದಿಲ್ಲ. ಬಿತ್ತನೆ ಕಾರ್ಯಕ್ಕೆ ಬೇಕಾಗುವ ಟ್ರ್ಯಾಕ್ಟರಿಗೆ ಮನೆಯ ಪಕ್ಕದಲ್ಲಿ ಒಂದು ಮಾಡು ಇರುತ್ತದೆ. ಕೊಕ್ಕೆ ಕಳಚಿದ ಟ್ರೈಲರ್ ಮಾತ್ರ ಕಣದ ಅಂಚಿನಲ್ಲಿಯೋ ಹುಣಸೆ ಮರದ ಕೆಳಗೋ ನಾಲ್ಕು ತಿಂಗಳು ಮಳೆಗೆ ನೆನೆಯುತ್ತದೆ. ಈ ಭಾಗದಲ್ಲಿ ವರ್ಷದ ಹೆಚ್ಚಿನ ಮಳೆ ಬೀಳುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ, ಅಂದರೆ ಟ್ರೈಲರ್ ಇನ್ನೂ ನಿಂತಿರುವಾಗಲೇ.

ಹಿಮ ಬೀಳುವ ದೇಶಗಳಲ್ಲಿ ಪ್ರವಾಸದ ಮನೆಗಾಡಿಗಳನ್ನು ಚಳಿಗಾಲದಲ್ಲಿ ಹೊರಗೆ ನಿಲ್ಲಿಸುವವರು ಕೊಳವೆಗಳಲ್ಲಿನ ನೀರು ಹೆಪ್ಪುಗಟ್ಟದಂತೆ ಅದನ್ನು ಖಾಲಿ ಮಾಡಿ ಇಡುತ್ತಾರೆ. ಇಲ್ಲಿ ಹಿಮದ ಭಯವಿಲ್ಲ. ಆದರೆ ಇಲ್ಲಿಯೂ ಶತ್ರು ನೀರೇ. ಟ್ರೈಲರ್ ಓಡಿ ಸವೆಯುವುದಕ್ಕಿಂತ ನಿಂತು ಸವೆಯುವುದೇ ಹೆಚ್ಚು ಎಂಬುದನ್ನು ಮಾಲೀಕರು ಗಮನದಲ್ಲಿಡುವುದು ಅಗತ್ಯ. ಸದರಿ ಹಾನಿಯನ್ನು ಅಲ್ಪ ವೆಚ್ಚದಲ್ಲಿ ತಡೆಯುವ ಕ್ರಮಗಳನ್ನೂ, ಅದಕ್ಕೆ ಸಂಬಂಧಿಸಿದ ಸೇವೆ ಮತ್ತು ದಾಖಲೆಗಳ ವಿವರವನ್ನೂ ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಹಾನಿಯ ಕಾರಣ

ಮೇಲೆ ಬಿದ್ದು ಹರಿದುಹೋಗುವ ಮಳೆಯಿಂದ ಕಬ್ಬಿಣಕ್ಕೆ ಆಗುವ ತೊಂದರೆ ಕಡಿಮೆ. ಒಳಗೆ ನಿಂತ ನೀರು, ಮೂಲೆಗಳಲ್ಲಿ ಕುಳಿತ ಒದ್ದೆ ಮಣ್ಣು, ತಗಡಿನ ಸಂದಿನಲ್ಲಿ ಸಿಕ್ಕಿದ ಎಲೆ ಮತ್ತು ಹೊಟ್ಟು, ಇವೇ ತುಕ್ಕಿನ ಮೂಲ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. 3 ಮೀಟರ್ ಉದ್ದ, 1.8 ಮೀಟರ್ ಅಗಲದ ಟ್ರೈಲರಿನ ಹಲಗೆಗಳನ್ನು ಮುಚ್ಚಿ ನಿಲ್ಲಿಸಿದ್ದು, ಸಂದುಗಳು ಮಣ್ಣಿನಿಂದ ಕಟ್ಟಿಕೊಂಡಿದ್ದರೆ, 50 ಮಿಲಿಮೀಟರ್‌ನ ಒಂದು ರಾತ್ರಿಯ ಮಳೆಗೆ ಅದರಲ್ಲಿ 270 ಲೀಟರ್ ನೀರು ನಿಲ್ಲುತ್ತದೆ. ಇದು ಎರಡು ಕ್ವಿಂಟಾಲಿಗೂ ಮೀರಿದ ಭಾರ. ತಳದ ತಗಡು ಕೊರೆಯುವುದರ ಜೊತೆಗೆ ಕಮಾನು ಪಟ್ಟಿ ಮತ್ತು ಟೈರುಗಳ ಮೇಲೂ ಈ ಭಾರ ಬೀಳುತ್ತದೆ.

ಗೊಬ್ಬರ ಸಾಗಿಸಿದ ಟ್ರೈಲರಿಗೆ ಅಪಾಯ ಇನ್ನೂ ಹೆಚ್ಚು. ಕೊಟ್ಟಿಗೆ ಗೊಬ್ಬರದಲ್ಲಿಯೂ ಯೂರಿಯಾ, ಪೊಟ್ಯಾಷ್ ಮುಂತಾದ ರಸಗೊಬ್ಬರಗಳಲ್ಲಿಯೂ ಇರುವ ಲವಣಗಳು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಮಳೆಯಿಲ್ಲದ ದಿನಗಳಲ್ಲಿಯೂ ಆ ಜಾಗ ಒದ್ದೆಯಾಗಿಯೇ ಇದ್ದು, ತುಕ್ಕು ನಿಲ್ಲದೆ ಮುಂದುವರಿಯುತ್ತದೆ. ಕೆರೆಗೋಡಿನ ಜಿಗಟು ಮಣ್ಣು ಸಹ ಹಾಗೆಯೇ; ಮೇಲ್ಪದರ ಒಣಗಿ ಬಿರುಕು ಬಿಟ್ಟಿದ್ದರೂ ತಗಡಿಗೆ ಅಂಟಿದ ಪದರದಲ್ಲಿ ತೇವ ಉಳಿದಿರುತ್ತದೆ. ಕೊನೆಯ ಗೊಬ್ಬರದ ಲೋಡು ಇಳಿಸಿದ ದಿನವೇ ತೊಳೆಯದೆ ಬಿಟ್ಟರೆ ಮುಂದೆ ಎಷ್ಟು ಬಣ್ಣ ಬಳಿದರೂ ಪ್ರಯೋಜನ ಸ್ವಲ್ಪವೇ.

ನಿಲ್ಲಿಸುವ ಮೊದಲು

ಟ್ರೈಲರಿನ ಒಳಭಾಗ ಮಾತ್ರವಲ್ಲದೆ ಅಡಿಭಾಗ, ಕಮಾನು ಪಟ್ಟಿಗಳ ನಡುವಿನ ಸಂದು, ಗಾಲಿಯ ಒಳಮೈ ಮತ್ತು ಹಿಂದಿನ ಹಲಗೆಯ ಕೀಲುಗಳನ್ನು ನೀರಿನಿಂದ ತೊಳೆದು, ಎರಡು ದಿನ ಬಿಸಿಲಿನಲ್ಲಿ ಒಣಗಿಸತಕ್ಕದ್ದು. ತುಕ್ಕು ಹಿಡಿದ ಕಡೆ ತಂತಿ ಬ್ರಷ್‌ನಿಂದ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಅದು ಒಣಗಿದ ಮೇಲೆ ಎನಾಮಲ್ ಬಣ್ಣ ಹಚ್ಚುವುದು ಸೂಕ್ತ. ರೆಡ್ ಆಕ್ಸೈಡ್ ಒಂದನ್ನೇ ಬಳಿದು ಬಿಡುವ ರೂಢಿ ಹಲವೆಡೆ ಇದೆ. ಅದು ಬಣ್ಣದ ಕೆಳಗಿನ ಪದರವಷ್ಟೇ ಆಗಿದ್ದು, ಮಳೆಯನ್ನು ತಾನೇ ತಡೆದುಕೊಳ್ಳುವಂಥದಲ್ಲ.

ಬಳಸಿದ ಎಂಜಿನ್ ಆಯಿಲ್ ಬಳಿಯುವ ಪದ್ಧತಿಯೂ ಹಳ್ಳಿಗಳಲ್ಲಿ ಇದೆ. ಚೌಕಟ್ಟಿನ ಕೆಳಭಾಗಕ್ಕೆ ತೆಳುವಾಗಿ ಒರೆಸಿದರೆ ತುಕ್ಕು ನಿಧಾನವಾಗುವುದು ನಿಜ. ಆದರೆ ಅದು ತಾಗಿದ ರಬ್ಬರ್ ಉಬ್ಬಿ ಹಾಳಾಗುತ್ತದೆ. ಮಳೆಗೆ ತೊಳೆದುಹೋದ ಆಯಿಲ್ ನೆಲಕ್ಕೂ ಬಾವಿಗೂ ಸೇರುತ್ತದೆ. ಧಾನ್ಯ, ಮೇವು ತುಂಬುವ ತಳಕ್ಕಂತೂ ಇದನ್ನು ಬಳಸಲೇಬಾರದು. ಒಟ್ಟಿನಲ್ಲಿ ಬಣ್ಣವೇ ಮೇಲು.

ಗಾಲಿಯ ಬೇರಿಂಗ್‌ಗಳಿಗೆ ಹೊಸ ಗ್ರೀಸ್ ತುಂಬುವ ಕೆಲಸವನ್ನು ನಿಲ್ಲಿಸುವ ಮೊದಲೇ ಮಾಡುವುದು ಉತ್ತಮ. ಸುಗ್ಗಿಗೆ ಹೊರಡುವ ದಿನ ಮಾಡಿದರಾಯಿತು ಎಂದು ಮುಂದೂಡಿದಲ್ಲಿ, ಹಳೆಯ ಗ್ರೀಸ್‌ನೊಂದಿಗೆ ಬೆರೆತ ನೀರು ನಾಲ್ಕು ತಿಂಗಳು ಬೇರಿಂಗಿನೊಳಗೆ ಉಳಿದು ಅದನ್ನು ತಿಂದಿರುತ್ತದೆ. ಜಯಮಂಗಲಿ ನದಿಯ ಪಾತ್ರದಲ್ಲಿಯೋ ಹಳ್ಳಗಳಲ್ಲಿಯೋ ಗಾಲಿಯ ನಡುಭಾಗ ಮುಳುಗುವಷ್ಟು ನೀರಿನಲ್ಲಿ ಹಾಯ್ದ ಟ್ರೈಲರಿಗೆ ಇದು ಇನ್ನೂ ಮುಖ್ಯ.

ಸ್ಥಳದ ಆಯ್ಕೆ

ನೀರು ಹರಿದುಹೋಗುವ ಗಟ್ಟಿ ನೆಲ, ಅದರಲ್ಲಿಯೂ ಜಲ್ಲಿ ಅಥವಾ ಕಲ್ಲು ಚಪ್ಪಡಿ ಹಾಸಿದ ಜಾಗ ಒಳ್ಳೆಯದು. ಮರದ ನೆರಳು ಬಿಸಿಲಿನಿಂದ ಟೈರನ್ನು ಕಾಪಾಡುತ್ತದೆಂಬುದು ಸರಿಯೇ. ಆದರೆ ಹುಣಸೆಯ ಸಣ್ಣ ಎಲೆಗಳು ಸಂದುಗಳಿಗೆ ಇಳಿದು ನೀರಿನ ದಾರಿಯನ್ನು ಕಟ್ಟುತ್ತವೆ. ಗಾಳಿಮಳೆಗೆ ಕೊಂಬೆ ಮುರಿದು ಬೀಳುವ ಅಪಾಯವೂ ಇದೆ. ಮರಕ್ಕಿಂತ ತೆಂಗಿನ ಗರಿಯ ಒಂದು ಚಪ್ಪರ ಮೇಲು. ತೋಟವುಳ್ಳವರಿಗೆ ಇದರಿಂದ ಹೆಚ್ಚಿನ ಖರ್ಚೂ ಬಾರದು.

ನದಿ ಮತ್ತು ಹಳ್ಳದ ದಡದಲ್ಲಿ ನಿಲ್ಲಿಸಬಾರದು. ಹಲವು ವರ್ಷ ಒಣಗಿದ್ದ ಪಾತ್ರವೆಂದು ನಿರ್ಲಕ್ಷಿಸುವಂತಿಲ್ಲ. 2022ರ ಮಳೆಗಾಲದಲ್ಲಿ ಜಯಮಂಗಲಿ ಉಕ್ಕಿ ಹರಿದು ಕೊರಟಗೆರೆ ಮತ್ತು ಮಧುಗಿರಿ ತಾಲ್ಲೂಕುಗಳ ದಡದ ಜಮೀನುಗಳು ಜಲಾವೃತವಾದವು.

ಮನೆಯ ಮುಂದೆ ಜಾಗವಿಲ್ಲವೆಂದು ರಸ್ತೆಯ ಅಂಚಿನಲ್ಲಿ ಟ್ರೈಲರ್ ಬಿಟ್ಟುಹೋಗುವವರಿದ್ದಾರೆ. ರಾತ್ರಿ ವೇಳೆ ದೀಪವಿಲ್ಲದೆ ನಿಂತ ಟ್ರೈಲರ್, ಮಳೆಯಲ್ಲಿ ದ್ವಿಚಕ್ರ ವಾಹನದಲ್ಲಿ ಬರುವವರ ಕಣ್ಣಿಗೆ ಬೀಳುವುದು ತೀರ ಹತ್ತಿರ ಬಂದ ಮೇಲೆಯೇ. ಸಾರ್ವಜನಿಕ ಸ್ಥಳದಲ್ಲಿ ಅಪಾಯ ಅಥವಾ ಅಡಚಣೆಯಾಗುವಂತೆ ವಾಹನವನ್ನಾಗಲಿ ಟ್ರೈಲರನ್ನಾಗಲಿ ನಿಲ್ಲಿಸುವುದನ್ನು ಮೋಟಾರು ವಾಹನಗಳ ಅಧಿನಿಯಮ, 1988ರ 122ನೇ ಪ್ರಕರಣವು ನಿಷೇಧಿಸಿದೆ. ಜಾಗದ ಕೊರತೆ ಇದಕ್ಕೆ ಸಮಜಾಯಿಷಿಯಾಗುವುದಿಲ್ಲ. ಎಲ್ಲಿಯೇ ನಿಲ್ಲಿಸಿದರೂ ಹಿಂಬದಿಯ ಕೆಂಪು ಪ್ರತಿಫಲಕಗಳನ್ನು ಒರೆಸಿಟ್ಟು, ಉದುರಿದ್ದಲ್ಲಿ ಹೊಸದನ್ನು ಅಂಟಿಸುವುದು.

ನಿಲ್ಲಿಸುವ ಕ್ರಮ

ಟ್ರೈಲರಿನ ಮುಂಭಾಗ, ಅಂದರೆ ಕೊಕ್ಕೆಯ ಕಡೆ, ಹಿಂಭಾಗಕ್ಕಿಂತ ಒಂದು ಗೇಣು ಎತ್ತರವಿರುವಂತೆ ಆಧಾರ ಕೊಟ್ಟು, ಹಿಂದಿನ ಹಲಗೆಯನ್ನು ತೆರೆದಿಟ್ಟರೆ ಬಿದ್ದ ಮಳೆಯೆಲ್ಲ ತಾನಾಗಿ ಹರಿದುಹೋಗುತ್ತದೆ. ಬೇರೆ ಯಾವ ಕ್ರಮವನ್ನೂ ಕೈಗೊಳ್ಳಲಾಗದವರು ಇದೊಂದನ್ನಾದರೂ ಮಾಡುವುದು ಸೂಕ್ತ. ಇದಕ್ಕೆ ತಗಲುವ ವೆಚ್ಚ ಏನೂ ಇಲ್ಲ.

ಎರಡು ಗಾಲಿಯ ಟ್ರೈಲರುಗಳು ಹಿಂದಕ್ಕೆ ವಾಲುವ ಸಂಭವವಿರುವುದರಿಂದ, ಹಿಂಭಾಗದ ಚೌಕಟ್ಟಿನ ಕೆಳಗೂ ಆಧಾರವಿರಬೇಕು. ಎರಡೂ ಗಾಲಿಗಳ ಹಿಂದೆ ಮುಂದೆ ಅಡ್ಡಗಲ್ಲು ಇಡತಕ್ಕದ್ದು. ಟೈರುಗಳ ಮೇಲಿನ ಭಾರ ತಗ್ಗಿಸಲು ಅಚ್ಚಿನ ಕೆಳಗೆ ಸೈಜುಗಲ್ಲುಗಳನ್ನು ಕೊಟ್ಟು ಗಾಲಿ ನೆಲದಿಂದ ಸ್ವಲ್ಪ ಮೇಲೇಳುವಂತೆ ಮಾಡಬಹುದು. ಈ ಭಾಗದಲ್ಲಿ ಗಟ್ಟಿ ಕಲ್ಲಿಗೆ ಕೊರತೆಯಿಲ್ಲ. ಟೊಳ್ಳು ಇಟ್ಟಿಗೆ ಅಥವಾ ಮಣ್ಣಿನ ಇಟ್ಟಿಗೆಯ ಮೇಲೆ ಭಾರ ಹೊರಿಸಿದರೆ ಅದು ಒಡೆದು ಟ್ರೈಲರ್ ಕುಸಿಯುವ ಸಾಧ್ಯತೆ ಇರುತ್ತದೆ. ಗಾಲಿ ಎತ್ತಲಾಗದಿದ್ದಲ್ಲಿ ಟೈರಿಗೆ ಪೂರ್ಣ ಗಾಳಿ ತುಂಬಿ, ತಿಂಗಳಿಗೊಮ್ಮೆ ಟ್ರೈಲರನ್ನು ಅರ್ಧ ಸುತ್ತು ಉರುಳಿಸಿ ನಿಲ್ಲಿಸಿದರೂ ಸಾಕು. ಒಂದೇ ಕಡೆ ಭಾರ ಹೊತ್ತು ಗಾಳಿ ಇಳಿದ ಟೈರು ಆ ಜಾಗದಲ್ಲಿ ಮಡಿಚಿ ಸೀಳುತ್ತದೆ.

ತಿಪ್ಪುವ ಟ್ರೈಲರುಗಳ ವಿಷಯದಲ್ಲಿ ಮುಖ್ಯ ಎಚ್ಚರಿಕೆಯೊಂದಿದೆ. ನೀರು ಇಳಿಯಲೆಂದು ತೊಟ್ಟಿಯನ್ನು ಹೈಡ್ರಾಲಿಕ್ ಜಾಕಿನ ಮೇಲೆ ಎತ್ತಿಟ್ಟು ಬಿಡಬಾರದು. ಕೊಳವೆಯ ಒತ್ತಡ ಸೋರಿ ತೊಟ್ಟಿ ಯಾವ ಮುನ್ಸೂಚನೆಯೂ ಇಲ್ಲದೆ ಇಳಿಯಬಹುದು. ಕೆಳಗೆ ದುರಸ್ತಿ ಮಾಡುವವರಿಗೆ ಮತ್ತು ನೆರಳಿಗೆಂದು ಹೋಗಿ ಆಡುವ ಮಕ್ಕಳಿಗೆ ಇದು ಪ್ರಾಣಾಪಾಯ. ತೊಟ್ಟಿಯನ್ನು ಪೂರ್ಣವಾಗಿ ಇಳಿಸಿ ಇಟ್ಟರೆ ಜಾಕಿನ ಹೊಳಪಿನ ಕಂಬಿಯೂ ಒಳಗೆ ಸೇರಿ ತುಕ್ಕಿನಿಂದ ಉಳಿಯುತ್ತದೆ. ಕಳಚಿದ ಕೊಳವೆಯ ಬಾಯಿಗೆ ಮುಚ್ಚಳ ಹಾಕಿ, ಇಲ್ಲದಿದ್ದಲ್ಲಿ ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಗಿಯಾಗಿ ಕಟ್ಟತಕ್ಕದ್ದು.

ಹೊದಿಕೆ

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989 ಕೃಷಿ ಟ್ರೈಲರನ್ನು ಸಾಮಾನ್ಯವಾಗಿ ಮೇಲ್ಹೊದಿಕೆಯಿಲ್ಲದ ಗಾಡಿಯೆಂದೇ ವಿವರಿಸುತ್ತವೆ. ಮಳೆಗಾಲಕ್ಕೆ ಹೊದಿಸುವ ಹೊಣೆ ಮಾಲೀಕರದು. ಟಾರ್ಪಾಲಿನ್ ಹೊದಿಸುವವರು ಅದನ್ನು ಟ್ರೈಲರಿಗೆ ಅಂಟಿದಂತೆ ಸುತ್ತಿ ಕಟ್ಟುವುದು ಸರಿಯಲ್ಲ. ಒಳಗಿನ ತೇವ ಹೊರಹೋಗದೆ ರಾತ್ರಿ ಹನಿಗಟ್ಟಿ ತಗಡಿನ ಮೇಲೆಯೇ ಇಳಿಯುತ್ತದೆ. ಹೊದಿಸದೆ ಬಿಟ್ಟಿದ್ದರೂ ಇಷ್ಟು ಹಾನಿಯಾಗುತ್ತಿರಲಿಲ್ಲ. ನಡುವೆ ಉದ್ದಕ್ಕೆ ಒಂದು ಬಿದಿರಿನ ಗಳ ಕಟ್ಟಿ, ಅದರ ಮೇಲೆ ಎರಡೂ ಕಡೆ ಇಳಿಜಾರಾಗಿ ಹೊದಿಸಿ, ಮುಂದೆ ಹಿಂದೆ ಗಾಳಿಯಾಡಲು ಬಿಡುವುದು ಸರಿಯಾದ ವಿಧಾನ. ಟೈರುಗಳಿಗೆ ಬಿಸಿಲು ತಾಗದಂತೆ ಒಣ ಗೋಣಿಚೀಲ ಇಳಿಬಿಟ್ಟರೆ ಸಾಕು.

ಕೃಷಿ ಇಲಾಖೆಯು ಕೃಷಿ ಸಂಸ್ಕರಣೆ ಕಾರ್ಯಕ್ರಮದಡಿ ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರಗಳ ಮೂಲಕ ಟಾರ್ಪಾಲಿನ್‌ಗಳನ್ನು ಸಹಾಯಧನದಲ್ಲಿ ವಿತರಿಸುತ್ತದೆ. ಅರ್ಜಿಯೊಂದಿಗೆ ಪಹಣಿ, ಆಧಾರ್ ಮತ್ತು ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ ಬೇಕಾಗುತ್ತದೆ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಜಾತಿ ಪ್ರಮಾಣ ಪತ್ರವನ್ನು ಸಹ ಲಗತ್ತಿಸಬೇಕು. ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಣಿ ಸಂಖ್ಯೆ ಪಡೆಯದವರು ಮೊದಲು ಅದನ್ನು ಪಡೆಯುವುದು. ಸಹಾಯಧನದ ಪ್ರಮಾಣ ಮತ್ತು ಹಂಚಿಕೆ ಆಯಾ ವರ್ಷದ ಮಾರ್ಗಸೂಚಿ ಹಾಗೂ ಅನುದಾನವನ್ನು ಅವಲಂಬಿಸಿರುತ್ತದೆ. ಈ ಟಾರ್ಪಾಲಿನ್‌ಗಳ ಉದ್ದೇಶ ಫಸಲು ಒಣಗಿಸುವುದು ಮತ್ತು ರಾಶಿಯನ್ನು ಮಳೆಯಿಂದ ಕಾಪಾಡುವುದು. ಅದನ್ನೇ ನಾಲ್ಕು ತಿಂಗಳು ಟ್ರೈಲರಿನ ಮೇಲೆ ಬಿಸಿಲಿಗೆ ಬಿಟ್ಟರೆ ಸುಗ್ಗಿಯ ವೇಳೆಗೆ ಹರಿದಿರುತ್ತದೆ. ಟ್ರೈಲರಿಗೆ ಹಳೆಯ ಟಾರ್ಪಾಲಿನ್ ಅಥವಾ ಗರಿಯ ಚಪ್ಪರವೇ ಸಾಕು.

ಚಾಸಿ ಸಂಖ್ಯೆ ಮತ್ತು ದಾಖಲೆಗಳು

ತುಕ್ಕಿನಿಂದ ಆಗುವ ನಷ್ಟಗಳಲ್ಲಿ ಮಾಲೀಕರು ಕೊನೆಯವರೆಗೂ ಗಮನಿಸದೆ ಇರುವುದು ಇದನ್ನೇ. ಟ್ರೈಲರಿಗೆ ಟ್ರ್ಯಾಕ್ಟರಿನಿಂದ ಪ್ರತ್ಯೇಕವಾದ ನೋಂದಣಿ ಸಂಖ್ಯೆ ಮತ್ತು ಚಾಸಿ ಸಂಖ್ಯೆ ಇರುತ್ತದೆ. ಚಾಸಿ ಸಂಖ್ಯೆಯನ್ನು ಚೌಕಟ್ಟಿನ ಕಬ್ಬಿಣದ ಮೇಲೆ ಅಚ್ಚೊತ್ತಲಾಗಿರುತ್ತದೆ. ನೋಂದಣಿ ನವೀಕರಣ, ಅರ್ಹತಾ ಪತ್ರ ಅಥವಾ ಮಾಲೀಕತ್ವದ ವರ್ಗಾವಣೆಗಾಗಿ ವಾಹನವನ್ನು ಪರಿಶೀಲಿಸುವಾಗ ಮೋಟಾರು ವಾಹನ ನಿರೀಕ್ಷಕರು ನೋಂದಣಿ ಪತ್ರದಲ್ಲಿರುವ ಸಂಖ್ಯೆಯನ್ನು ಈ ಅಚ್ಚಿನೊಂದಿಗೆ ತಾಳೆ ನೋಡುತ್ತಾರೆ. ತುಕ್ಕು ಪದರವಾಗಿ ಎದ್ದು ಅಂಕಿಗಳು ಅಳಿದಿದ್ದರೆ, ಟ್ರೈಲರ್ ತನ್ನದೇ ಎಂದು ಸಾಬೀತುಪಡಿಸುವ ಹೊರೆ ಮಾಲೀಕರ ಮೇಲೆ ಬೀಳುತ್ತದೆ. ತಂದೆಯ ಹೆಸರಿನಲ್ಲಿರುವ ಟ್ರೈಲರನ್ನು ಅವರ ನಂತರ ಮಕ್ಕಳ ಹೆಸರಿಗೆ ಮಾಡಿಸಿಕೊಳ್ಳುವಾಗ, ಕಳವಾದ ಟ್ರೈಲರ್ ಪತ್ತೆಯಾದಾಗ ಗುರುತಿಸುವಾಗ, ವಿಮೆಯ ಪರಿಹಾರ ಕೇಳುವಾಗ ಈ ಒಂದು ಸಾಲಿನ ಅಂಕಿಗಳೇ ಆಧಾರ.

ಆದ್ದರಿಂದ ಪ್ರತಿ ವರ್ಷ ಟ್ರೈಲರ್ ನಿಲ್ಲಿಸುವ ಮುನ್ನ ಆ ಜಾಗವನ್ನು ಬಟ್ಟೆಯಿಂದ ಒರೆಸಿ, ಅಂಕಿಗಳ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ನೋಂದಣಿ ಪತ್ರದ ಜೊತೆಗಿಡುವುದು ಒಳ್ಳೆಯ ಅಭ್ಯಾಸ. ನಂತರ ಗ್ರೀಸ್ ಸವರಿ, ಮೇಲೆ ಹಳೆಯ ಟ್ಯೂಬಿನ ಒಂದು ತುಂಡು ಕಟ್ಟಿದರೆ ಮಳೆ ತಾಗುವುದಿಲ್ಲ. ಈ ತುಂಡು ಹಾಳಾದರೆ ಬದಲಾಯಿಸಬಹುದು. ದಪ್ಪ ಬಣ್ಣ ಬಳಿದು ಅಂಕಿಗಳನ್ನು ಮುಚ್ಚುವುದು ಬೇಡ. ಅಂಕಿಗಳು ಈಗಾಗಲೇ ಅಸ್ಪಷ್ಟವಾಗಿದ್ದಲ್ಲಿ ವರ್ಕ್‌ಶಾಪಿನಲ್ಲಿ ತಿಕ್ಕಿಸುವುದಾಗಲಿ, ತಾವೇ ಮತ್ತೆ ಹೊಡೆಸುವುದಾಗಲಿ ಸಲ್ಲದು. ಅಂತಹ ವಾಹನ ಅನುಮಾನಕ್ಕೆ ಗುರಿಯಾಗುತ್ತದೆ. ನೋಂದಣಿ ಪ್ರಾಧಿಕಾರಕ್ಕೆ ಮೊದಲು ಅರ್ಜಿ ಸಲ್ಲಿಸಿ, ಅವರ ಅನುಮತಿಯಂತೆ ಮುಂದುವರಿಯಬೇಕು. ಕೊರಟಗೆರೆ ತಾಲ್ಲೂಕಿನವರಿಗೆ ಮಧುಗಿರಿಯಲ್ಲಿರುವ, ಕೆಎ–64 ಸಂಕೇತದ ಸಹಾಯಕ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಚೇರಿ ಹತ್ತಿರದ್ದು.

ನೋಂದಣಿ ಪತ್ರವನ್ನು ಟ್ರ್ಯಾಕ್ಟರಿನ ಪೆಟ್ಟಿಗೆಯಲ್ಲಿ ಇಟ್ಟು ಇಲಿ ಕಡಿದೋ ನೀರು ಬಿದ್ದೋ ಹಾಳಾದರೆ, ನಮೂನೆ 26ರಲ್ಲಿ ನಕಲು ಪ್ರತಿಗೆ ಅರ್ಜಿ ಸಲ್ಲಿಸಬಹುದು. ಕಳೆದುಹೋದ ಪಕ್ಷದಲ್ಲಿ ಪೊಲೀಸ್ ಠಾಣೆಗೆ ದೂರು ನೀಡಿ ಸ್ವೀಕೃತಿ ಪಡೆಯುವುದು. ಟ್ರೈಲರ್ ನಿಂತ ಮಾತ್ರಕ್ಕೆ ನೋಂದಣಿ ಅಥವಾ ವಿಮೆಯ ಅವಧಿ ನಿಲ್ಲುವುದಿಲ್ಲ ಎಂಬುದನ್ನೂ ಗಮನಿಸಬೇಕು. ನಿಂತಿರುವ ತಿಂಗಳುಗಳಲ್ಲಿಯೇ ವಿಮೆ ಮುಗಿದು, ಸುಗ್ಗಿಯ ಮೊದಲ ಲೋಡು ವಿಮೆಯಿಲ್ಲದೆ ರಸ್ತೆಗೆ ಇಳಿಯುವುದುಂಟು. ಟ್ರ್ಯಾಕ್ಟರಿನ ವಿಮಾ ಪತ್ರದಲ್ಲಿ ಟ್ರೈಲರಿನ ಸಂಖ್ಯೆಯೂ ನಮೂದಾಗಿದೆಯೇ ಎಂದು ಓದಿ ನೋಡುವುದು. ನಮೂದಾಗಿಲ್ಲದಿದ್ದಲ್ಲಿ ಅಪಘಾತವಾದಾಗ ಪರಿಹಾರದ ಮೊತ್ತ ಮಾಲೀಕರ ಜಮೀನು ಮನೆಗಳ ಮೇಲೆಯೇ ಬರಬಹುದು.

ಮರಳಿ ಬಳಸುವ ಮುನ್ನ

ತೊಟ್ಟಿಯೊಳಗೆ ಮತ್ತು ಕಲ್ಲುಗಳ ಸಂದಿನಲ್ಲಿ ಹಾವು, ಚೇಳು ಸೇರಿರುವುದು ಸಾಮಾನ್ಯವಾದ್ದರಿಂದ ಕೋಲಿನಿಂದ ತಟ್ಟಿ ನೋಡಿದ ಮೇಲೆಯೇ ಕೈ ಹಾಕುವುದು. ಗಾಲಿಗಳು ಎತ್ತಿದ ಸ್ಥಿತಿಯಲ್ಲಿರುವಾಗಲೇ ಕೈಯಿಂದ ತಿರುಗಿಸಿ ಬೇರಿಂಗಿನ ಸದ್ದು ಪರೀಕ್ಷಿಸಿ, ಗಾಲಿಯ ನಟ್ಟುಗಳನ್ನು ಬಿಗಿಮಾಡಿ, ನಂತರ ಕಲ್ಲು ತೆಗೆಯುವುದು. ಕೊಕ್ಕೆಯ ಪಿನ್ನು ಸವೆದಿದ್ದರೆ ಬದಲಾಯಿಸತಕ್ಕದ್ದು. ಹಿಂದಿನ ದೀಪದ ತಂತಿಗಳನ್ನು ಇಲಿ ಕಡಿದಿರುವ ಸಂಭವವಿರುವುದರಿಂದ ಹಗಲಿನಲ್ಲಿಯೇ ದೀಪ ಉರಿಸಿ ನೋಡುವುದು. ಮೊದಲ ಲೋಡನ್ನು ಅರ್ಧ ಮಾತ್ರ ತುಂಬಿ, ಒಂದೆರಡು ಕಿಲೋಮೀಟರ್ ಹೋದ ಮೇಲೆ ಗಾಲಿಯ ನಡುಭಾಗವನ್ನು ಮುಟ್ಟಿ ನೋಡಬೇಕು. ಕೈ ಇಡಲಾಗದಷ್ಟು ಬಿಸಿಯಾಗಿದ್ದಲ್ಲಿ ಬೇರಿಂಗ್ ಬದಲಾಯಿಸದೆ ಮುಂದೆ ಹೋಗಬಾರದು.

ಟಾರ್ಪಾಲಿನ್ ಮತ್ತು ಕೃಷಿ ಯಂತ್ರೋಪಕರಣಗಳ ಸಹಾಯಧನದ ವಿವರಗಳಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ಕಿಸಾನ್ ಕಾಲ್ ಸೆಂಟರಿನ ಉಚಿತ ದೂರವಾಣಿ 1800-180-1551ರಲ್ಲಿ ಕನ್ನಡದಲ್ಲಿಯೂ ಮಾಹಿತಿ ದೊರೆಯುತ್ತದೆ.