ಗಡಿನಾಡಿನ ಚಿತ್ರಕಥೆಯಲ್ಲಿ ಅಣಕ ಮತ್ತು ಅತಿಥಿ ಪಾತ್ರ

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆಯ ಜಹೀರಾಬಾದ್ ತಾಲ್ಲೂಕು (ನಿರ್ಣಾ ವೃತ್ತವನ್ನುಳಿದು) ಹಾಗೂ ನಾರಾಯಣಖೇಡ ತಾಲ್ಲೂಕು, ಗುಲಬರ್ಗಾ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. 2014ರಿಂದ ಇವು ತೆಲಂಗಾಣದಲ್ಲಿವೆ. ಈ ಭಾಗದ ಕನ್ನಡ ಮನೆಗಳಲ್ಲಿ ಮಾತು ಕನ್ನಡ. ಬಜಾರಿನಲ್ಲಿ ತೆಲುಗು ಮತ್ತು ದಖನಿ. ನಾರಾಯಣಖೇಡದ ಕಡೆ ಮರಾಠಿಯೂ ಉಂಟು. ಕನ್ನಡವನ್ನು ಕೇಳಿ ಬಲ್ಲ, ಆದರೆ ಓದಿ ರೂಢಿಯಿಲ್ಲದ ಮಗುವಿಗೆ ಚಿತ್ರಕಥೆ ಸುಲಭದ ಬಾಗಿಲು. ಅಕ್ಷರ ತಡವರಿಸಿದಲ್ಲಿ ಚಿತ್ರ ಕೈಹಿಡಿಯುತ್ತದೆ. ಇಂಥ ಓದುಗರಿಗಾಗಿ ಸ್ವತಂತ್ರ ಕಾಮಿಕ್ಸ್ ಪುಸ್ತಕವನ್ನು ರೂಪಿಸುವವರು ಪರಿಚಿತ ಪಾತ್ರಗಳನ್ನು ಕರೆತರುವುದು, ಪ್ರಸಿದ್ಧ ಕಥೆಗಳನ್ನು ಅಣಕಿಸುವುದು ಸಹಜ. ಈ ಎರಡು ತಂತ್ರಗಳ ಸ್ವರೂಪ, ಮಿತಿ ಮತ್ತು ಕಾನೂನಿನ ನೆಲೆಯನ್ನು ಇಲ್ಲಿ ವಿವರಿಸಲಾಗಿದೆ.

ಎರಡರ ನಡುವಿನ ಅಂತರ

ಅತಿಥಿ ಪಾತ್ರವು ತನ್ನ ಹೆಸರು, ವೇಷ, ಸ್ವಭಾವಗಳೊಡನೆ ಬಂದು ಹಾಗೆಯೇ ಹಿಂದಿರುಗುತ್ತದೆ. ಅಣಕದಲ್ಲಿ ಮೂಲವು ವಿಕಾರಗೊಂಡು ಬರುತ್ತದೆ. ಆ ವಿಕಾರವೇ ಮೂಲದ ಮೇಲಿನ ಟೀಕೆ. ಫ್ರೆಂಚ್ ಭಾಷೆಯ ಆಸ್ಟರಿಕ್ಸ್ ಮಾಲೆಯಲ್ಲಿ ಎರಡಕ್ಕೂ ನಿದರ್ಶನವಿದೆ. ಆಸ್ಟರಿಕ್ಸ್ ಬೆಲ್ಜಿಯಂಗೆ ಹೋಗುವ 1979ರ ಸಂಪುಟದಲ್ಲಿ ಟಿನ್‌ಟಿನ್ ಕಥೆಗಳ ಜೋಡಿ ಪತ್ತೇದಾರರು ಕ್ಷಣಕಾಲ ಕಾಣಿಸಿಕೊಂಡು ಮರೆಯಾಗುತ್ತಾರೆ. ಅವರು ಅತಿಥಿಗಳು. ಅದೇ ಮಾಲೆಯಲ್ಲಿ ಮೇಲಿಂದ ಮೇಲೆ ಹಡಗು ಮುಳುಗಿಸಿಕೊಳ್ಳುವ ಕಡಲ್ಗಳ್ಳರು 'ಬಾರ್ಬ್ ರೂಜ್' ಎಂಬ ಗಂಭೀರ ಸಾಹಸ ಚಿತ್ರಕಥೆಯ ಅಣಕ. ಮೂಲ ಕಥೆಯನ್ನು ಓದದವರೂ ಆ ಕಡಲ್ಗಳ್ಳರನ್ನು ನೋಡಿ ನಗುತ್ತಾರೆ. ಮೂಲದ ಪರಿಚಯವಿದ್ದರೆ ನಗೆ ಹೆಚ್ಚಬೇಕು. ಇಲ್ಲದಿದ್ದರೂ ಕಥೆ ನಿಲ್ಲಬಾರದು. ಸ್ವತಂತ್ರ ಕೃತಿಗೆ ಇದು ಮೊದಲ ನಿಯಮ.

ಕನ್ನಡದ ಬೇರುಗಳು

ಈ ತಂತ್ರಗಳು ಕನ್ನಡಕ್ಕೆ ಹೊಸವಲ್ಲ. ದೊಡ್ಡಾಟದಲ್ಲಿ ಪಾತ್ರವೊಂದು ರಂಗಕ್ಕೆ ಬಂದಾಗ ಸಾರಥಿ ಅದನ್ನು ಮಾತನಾಡಿಸಿ ಹೆಸರು, ಊರು, ಬಂದ ಕಾರಣಗಳನ್ನು ಕೇಳುತ್ತಾನೆ. ಪುರಾಣದ ರಾಜ ಎಷ್ಟೇ ಆರ್ಭಟಿಸಲಿ, ಊರಿನ ಆಡುಮಾತಿನ ಸಾರಥಿಗೆ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ. ಪರಿಚಯ ಮತ್ತು ಅಣಕ ಒಂದೇ ಸಂಭಾಷಣೆಯಲ್ಲಿ ಮುಗಿಯುತ್ತವೆ. ಮುದ್ರಣದ ಲೋಕದಲ್ಲಿ ಎಂ. ಶಿವರಾಂ (ರಾಶಿ) ಅವರು 1942ರಲ್ಲಿ ಆರಂಭಿಸಿದ ಹಾಸ್ಯ ಮಾಸಪತ್ರಿಕೆ 'ಕೊರವಂಜಿ' ತನ್ನ ಹೆಸರನ್ನೇ ಜನಪದದ ಕಣಿ ಹೇಳುವ ಹೆಣ್ಣಿನಿಂದ ಪಡೆಯಿತು. ಆರ್.ಕೆ. ಲಕ್ಷ್ಮಣ್ ಅವರ ಆರಂಭದ ವ್ಯಂಗ್ಯಚಿತ್ರಗಳು ಅದರಲ್ಲಿ ಬಂದವು. ಪರಿಚಿತ ಪಾತ್ರದ ಬಾಯಿಂದ ಸಮಕಾಲೀನ ಸಂಗತಿಗಳನ್ನು ಆಡಿಸುವ ರೀತಿ ಹೀಗೆ ರಂಗದಿಂದ ಪುಟಕ್ಕೂ ದಾಟಿದೆ.

ಓದುಗನಿಗೆ ಗೊತ್ತಿರುವುದು ಯಾವುದು?

ಅಣಕವು ಓದುಗನ ನೆನಪನ್ನು ಬಂಡವಾಳವಾಗಿ ಬಳಸುತ್ತದೆ. ಗಡಿನಾಡಿನ ತೊಡಕು ಇಲ್ಲಿಯೇ ಇದೆ. ಬೆಂಗಳೂರಿನ ಓದುಗ ನೋಡಿದೊಡನೆ ಗುರುತಿಸುವ ಕನ್ನಡ ಚಲನಚಿತ್ರದ ಸಂಭಾಷಣೆ ತಾಂಡೂರಿನ ಹುಡುಗನಿಗೆ ತಿಳಿಯದಿರಬಹುದು. ಅವನ ನೆನಪಿನಲ್ಲಿರುವುದು ತೆಲುಗು ಚಲನಚಿತ್ರ, ತೆಲುಗು ಪಠ್ಯ, ದಖನಿ ಗಾದೆ. ಕನ್ನಡ ಪುಸ್ತಕವು ತೆಲುಗಿನ ಮೂಲವನ್ನು ಅಣಕಿಸಿದರೆ ಭಾಷೆಗೆ ಕುಂದು ಎಂದು ಕೆಲವರು ಭಾವಿಸಬಹುದು. ಆದರೆ ಓದುಗನಿಗೆ ಗೊತ್ತಿಲ್ಲದ್ದನ್ನು ಅಣಕಿಸುವ ಪುಸ್ತಕವು, ಕನ್ನಡವೆಂದರೆ ಬೇರೆಲ್ಲೋ ಇರುವವರ ಸೊತ್ತು ಎಂಬ ಭಾವನೆಯನ್ನೇ ಬಲಪಡಿಸುತ್ತದೆ. ಕುಂದು ಬರುವುದು ಅದರಿಂದ.

ಆದ್ದರಿಂದ ಎರಡೂ ದಡಗಳಿಗೆ ಸೇರಿದ ಪಾತ್ರಗಳು ಇಲ್ಲಿ ಬೆಲೆಯುಳ್ಳವು. ತೆನಾಲಿ ರಾಮಕೃಷ್ಣ ತೆಲುಗರಿಗೂ ಕನ್ನಡಿಗರಿಗೂ ಸ್ವಂತದವನು. ಅಕ್ಬರ್-ಬೀರಬಲ್, ಮುಲ್ಲಾ ನಸ್ರುದ್ದೀನ್ ಕಥೆಗಳು ಉರ್ದು ಬಲ್ಲ ಮನೆಗಳಲ್ಲೂ ಪರಿಚಿತ. ಉದಾಹರಣೆಗೆ, ತೆನಾಲಿ ರಾಮಕೃಷ್ಣ ತಾಂಡೂರಿನ ಫರಸಿ ಕಲ್ಲಿನ ಪಾಲಿಶ್ ಕಾರ್ಖಾನೆಗೆ ಬಂದನೆಂದು ಭಾವಿಸಬಹುದು. ಕಥಾನಾಯಕಿಯಾದ ಹುಡುಗಿ ಸಾರಥಿಯಂತೆ "ನಿಮ್ಮ ಊರು ಯಾವುದ್ರಿ? ಇಲ್ಲಿಗ್ಯಾಕ ಬಂದೀರಿ?" ಎಂದು ಕೇಳುತ್ತಾಳೆ. ಆಸ್ಥಾನದ ಭಾಷೆಯಲ್ಲಿ ಅವನು ಕೊಡುವ ಉದ್ದನೆಯ ಉತ್ತರ ಕಲ್ಲು ಕೊರೆಯುವ ಯಂತ್ರದ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಕಲ್ಲಿನ ಲೆಕ್ಕದಲ್ಲಿ ನಡೆದ ಮೋಸವನ್ನು ಕಂಡುಹಿಡಿಯುವವಳು ಮಾತ್ರ ಹುಡುಗಿಯೇ ಆಗಿರಬೇಕು. ಕಥೆಯ ಗಂಟನ್ನು ಅತಿಥಿ ಬಿಚ್ಚಿದರೆ ಪುಸ್ತಕ ಅವನದಾಗುತ್ತದೆ. ಆತಿಥ್ಯ ಕೊಟ್ಟ ಪಾತ್ರ ಮರೆಗೆ ಸರಿಯುತ್ತದೆ.

ಕಾನೂನಿನ ನೆಲೆ

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅಣಕಕ್ಕೆ ಪ್ರತ್ಯೇಕ ವಿನಾಯಿತಿಯಿಲ್ಲ. 52ನೆಯ ಕಲಮು ವಿಮರ್ಶೆಗಾಗಿ ಮಾಡುವ ನ್ಯಾಯಯುತ ಬಳಕೆಯನ್ನು ಒಪ್ಪುತ್ತದೆ. ಅಣಕ ನಿಲ್ಲಬೇಕಾದದ್ದು ಈ ನೆರಳಿನಲ್ಲಿ. ಇದಕ್ಕೆ ದಾರಿದೀಪವಾದದ್ದು ಕೇರಳ ಹೈಕೋರ್ಟಿನ 1996ರ ತೀರ್ಪು. ತೋಪ್ಪಿಲ್ ಭಾಸಿಯವರ ಪ್ರಸಿದ್ಧ ಮಲಯಾಳಂ ನಾಟಕದ ಪಾತ್ರಗಳನ್ನೂ ಸಂಭಾಷಣೆಗಳನ್ನೂ ಬಳಸಿ ಸಿವಿಕ್ ಚಂದ್ರನ್ ಪ್ರತಿನಾಟಕವೊಂದನ್ನು ಬರೆದಿದ್ದರು. ಎಷ್ಟು ಭಾಗವನ್ನು ತೆಗೆದುಕೊಳ್ಳಲಾಗಿದೆ, ಯಾವ ಉದ್ದೇಶಕ್ಕೆ, ಮೂಲದ ಮಾರುಕಟ್ಟೆಗೆ ಅದು ಪೈಪೋಟಿಯೇ ಎಂಬ ಮೂರು ಅಂಶಗಳನ್ನು ನ್ಯಾಯಾಲಯ ಪರಿಶೀಲಿಸಿತು. ಪ್ರತಿನಾಟಕದ ಉದ್ದೇಶ ಮೂಲದ ವಿಮರ್ಶೆಯೆಂದು ಕಂಡು ಪ್ರದರ್ಶನಕ್ಕಿದ್ದ ತಡೆಯನ್ನು ತೆರವುಗೊಳಿಸಿತು.

ಇದಕ್ಕೆ ಎದುರಾದ ನಿದರ್ಶನವೂ ಇದೆ. ಹಿಂದಿ ಕಾಮಿಕ್ಸ್‌ನ 'ನಾಗರಾಜ'ನನ್ನು ಹೋಲುವ 'ನಾಗೇಶ'ನನ್ನು ಇನ್ನೊಬ್ಬ ಪ್ರಕಾಶಕರು ಹೊರತಂದಾಗ ದೆಹಲಿ ಹೈಕೋರ್ಟು ತಡೆಯಾಜ್ಞೆ ನೀಡಿತು. ಅಲ್ಲಿ ಟೀಕೆಯಿರಲಿಲ್ಲ, ಹೋಲಿಕೆಯ ಲಾಭವಷ್ಟೇ ಇತ್ತು. ಹೆಸರಿನ ಒಂದೆರಡು ಅಕ್ಷರಗಳನ್ನು ಬದಲಿಸಿದರೆ ಸಾಕೆಂಬ ನಂಬಿಕೆಗೆ ಆಧಾರವಿಲ್ಲ ಎಂಬುದು ಇದರಿಂದ ಸ್ಪಷ್ಟ.

ಅತಿಥಿ ಪಾತ್ರದಲ್ಲಿ ಟೀಕೆ ಇಲ್ಲದಿರುವುದರಿಂದ ವಿಮರ್ಶೆಯ ರಕ್ಷಣೆಯೂ ದುರ್ಬಲ. ಜೀವಂತ ಹಕ್ಕುಳ್ಳ ಪಾತ್ರಕ್ಕೆ ಲಿಖಿತ ಅನುಮತಿಯೇ ಸರಿಯಾದ ದಾರಿ. ಕೃತಿಸ್ವಾಮ್ಯದ ಅವಧಿ ಕರ್ತೃವಿನ ಜೀವಿತಕಾಲ ಮತ್ತು ಅನಂತರದ 60 ವರ್ಷ. ಜನಪದ ಪಾತ್ರಗಳು ಮುಕ್ತ. ಆದರೆ ಅವುಗಳ ನಿರ್ದಿಷ್ಟ ಚಿತ್ರರೂಪ ಮುಕ್ತವಲ್ಲ. ಬೇತಾಳ ಯಾರ ಸೊತ್ತೂ ಅಲ್ಲ. ಹೆಗಲ ಮೇಲೆ ಶವ ಹೊತ್ತು ಕತ್ತಿ ಹಿಡಿದ ವಿಕ್ರಮನನ್ನು 'ಚಂದಮಾಮ'ದ ಪುಟಗಳಲ್ಲಿ ಚಿತ್ರಿಸಿದ ಶಂಕರ್ (ಕೆ.ಸಿ. ಶಿವಶಂಕರನ್) ತೀರಿಕೊಂಡದ್ದು 2020ರಲ್ಲಿ. ಆ ರೇಖೆಗಳ ಮೇಲಿನ ಹಕ್ಕು 2080ರ ಕೊನೆಯವರೆಗೆ ಉಳಿಯುತ್ತದೆ. ಹಳೆಯ ಕಥೆಯನ್ನು ಎತ್ತಿಕೊಂಡು ಹೊಸದಾಗಿ ಚಿತ್ರಿಸುವುದೇ ಕ್ಷೇಮ.

ನಗುವಿನ ಗುರಿ

ಬೆಲ್ಜಿಯಂನ ಡಚ್ ಭಾಷೆಯ ಚಿತ್ರಕಥೆಯೊಂದರ ಮುಖಪುಟವನ್ನು ಅಣಕಿಸಿದ ರಾಜಕೀಯ ಕ್ಯಾಲೆಂಡರಿನ ಪ್ರಕರಣದಲ್ಲಿ ಐರೋಪ್ಯ ನ್ಯಾಯಾಲಯ 2014ರಲ್ಲಿ ತೀರ್ಪಿತ್ತಿತು. ಅಣಕವು ಮೂಲವನ್ನು ನೆನಪಿಸಬೇಕು, ಅದರಿಂದ ಕಣ್ಣಿಗೆ ಕಾಣುವಷ್ಟು ಭಿನ್ನವಾಗಿರಬೇಕು, ನಗೆಯನ್ನೋ ಲೇವಡಿಯನ್ನೋ ಒಳಗೊಂಡಿರಬೇಕು ಎಂದಿತು. ಜನಾಂಗೀಯ ತಾರತಮ್ಯದ ಸಂದೇಶದೊಡನೆ ತನ್ನ ಕೃತಿ ಬೆಸೆದುಕೊಳ್ಳದಂತೆ ಕಾಯ್ದುಕೊಳ್ಳುವುದು ಹಕ್ಕುದಾರನ ನ್ಯಾಯಸಮ್ಮತ ಹಿತಾಸಕ್ತಿ ಎಂದೂ ಗುರುತಿಸಿತು. ಅಣಕಕ್ಕೆ ಮೂಲವೊಂದಿದ್ದಂತೆ ಗುರಿಯೊಂದೂ ಇದೆ. ಎರಡೂ ಒಂದೇ ಆಗಿರಬೇಕಿಲ್ಲ.

ಗಡಿನಾಡಿಗೆ ಈ ವಿವೇಕ ಇನ್ನೂ ಹತ್ತಿರದ್ದು. ತೆಲಂಗಾಣದ ಆಡುನುಡಿಯನ್ನು ತೆಲುಗು ಚಲನಚಿತ್ರಗಳು ಬಹುಕಾಲ ಹಾಸ್ಯಗಾರರಿಗೂ ಖಳರಿಗೂ ಮೀಸಲಿಟ್ಟವು ಎಂಬುದು ಅಲ್ಲಿಯವರ ಹಳೆಯ ನೋವು. ಬೀದರ-ಕಲಬುರಗಿ ಕಡೆಯ ಕನ್ನಡಕ್ಕೂ ಅಂಥ ಅನುಭವ ಅಪರಿಚಿತವಲ್ಲ. ಚಿತ್ರಕಥೆಯ ಮಾತಿನ ಗುಳ್ಳೆಯಲ್ಲಿ ಊರಿನ ನುಡಿ ನಗೆಪಾಟಲಿಗೆ ಮಾತ್ರ ಬಂದರೆ, ಮಗು ಕಲಿಯುವುದು ಕನ್ನಡವನ್ನಲ್ಲ, ತನ್ನ ಕನ್ನಡದ ಬಗೆಗಿನ ನಾಚಿಕೆಯನ್ನು. ನಾಯಕಿ ಊರಿನ ಮಾತನ್ನು ಘನತೆಯಿಂದ ಆಡಬೇಕು, ಗ್ರಾಂಥಿಕ ಭಾಷೆಯ ಅತಿಥಿಯೇ ಅರ್ಥವಾಗದೆ "ಹಾಗೆಂದರೇನು?" ಎಂದು ಕೇಳಬೇಕು.

ಹಸ್ತಪ್ರತಿ ಮುಗಿದ ಮೇಲೆ ಒಂದು ಸರಳ ಪರೀಕ್ಷೆ ಸಾಧ್ಯ. ಅತಿಥಿ ಇರುವ ಪುಟಗಳನ್ನು ಬದಿಗಿಟ್ಟು ಉಳಿದುದನ್ನು ಓದಿದಾಗ ಕಥಾನಾಯಕಿಗೆ ಊರು, ಹೆಸರು, ಬಂದ ಕಾರಣ ಮೂರೂ ಉಳಿದಿದ್ದರೆ ಕೃತಿ ಸ್ವತಂತ್ರ. ಉಳಿಯದಿದ್ದರೆ ತಿದ್ದಬೇಕಾದದ್ದು ಅತಿಥಿಯನ್ನಲ್ಲ, ಮನೆಯವರ ಪಾತ್ರವನ್ನು.