ಪ್ರತಿ ಸಲವೂ ಕಡತ ಏಕೆ ತೆರೆಯಬೇಕು?

ಪೊನ್ನಂಪೇಟೆಯ ಕಾಫಿ ತೋಟದಲ್ಲಿ ಬೆಳಗ್ಗೆ ಕೆಲಸದವರು ಸಾಲಾಗಿ ನಿಂತಿರುತ್ತಾರೆ. ಹಾಜರಿ ಬರೆಯುವ ರೈಟರು ಒಬ್ಬೊಬ್ಬರಿಗೂ ಕಪಾಟಿನ ಬೀಗ ತೆಗೆದು, ಚೆಕ್‌ರೋಲ್ ಬಿಡಿಸಿ, ಹೆಸರು ಹುಡುಕಿ, ಮತ್ತೆ ಬೀಗ ಹಾಕುತ್ತಾ ಕೂತರೆ ಮಧ್ಯಾಹ್ನವಾದರೂ ಕೆಲಸ ಶುರುವಾಗದು. ಎಷ್ಟೋ ಪ್ರಾಕ್ಸಿ ಸರ್ವರ್‌ಗಳ ಹಿಂದೆ ನಡೆಯುವುದು ಇದೇ.

ಹತ್ತಾರು ಕಂಪ್ಯೂಟರ್‌ಗಳು ಒಂದೇ ಇಂಟರ್ನೆಟ್ ಲೈನ್ ಹಂಚಿಕೊಳ್ಳುವಲ್ಲಿ ಪ್ರಾಕ್ಸಿ ನಡುವೆ ನಿಲ್ಲುತ್ತದೆ. 1996ರಿಂದ ಬಳಕೆಯಲ್ಲಿರುವ ಸ್ಕ್ವಿಡ್ ಇವುಗಳಲ್ಲಿ ಪ್ರಸಿದ್ಧ. ಯಾವ ತಾಣಕ್ಕೆ ಬಿಡಬೇಕು, ಯಾವುದಕ್ಕೆ ಬೇಡ ಎಂಬುದನ್ನು ಅದು ಒಂದು ಸಣ್ಣ ಸಹಾಯಕ ಸ್ಕ್ರಿಪ್ಟ್‌ ಅನ್ನು ಕೇಳಬಲ್ಲದು. ಒಂದು ಸಾಲಿನ ಪ್ರಶ್ನೆ ಹೋಗುತ್ತದೆ, ಒಂದು ಸಾಲಿನ ಉತ್ತರ ಬರುತ್ತದೆ. ಆ ಸ್ಕ್ರಿಪ್ಟ್ ಪ್ರತಿ ಪ್ರಶ್ನೆಗೂ ಬಿಡಬಾರದ ತಾಣಗಳ ಪಟ್ಟಿಯ ಕಡತ ತೆರೆದು ಮೊದಲ ಸಾಲಿನಿಂದ ಹುಡುಕಿದರೆ, ಲೈನ್ ಚೆನ್ನಾಗಿದ್ದರೂ ಪುಟ ತೆವಳುತ್ತದೆ.

ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ಒಂದು ಜಾಗ ಹುಡುಕಲು ಸುಮಾರು 10 ಮಿಲಿಸೆಕೆಂಡು ಬೇಕು. ಮೆಮೊರಿಯಲ್ಲಾದರೆ ಸುಮಾರು 100 ನ್ಯಾನೋಸೆಕೆಂಡು. ಅಂದರೆ ಒಂದು ಲಕ್ಷ ಪಟ್ಟು ವ್ಯತ್ಯಾಸ. ಈಚೆಗೆ ಓದಿದ ಕಡತವನ್ನು ಲಿನಕ್ಸ್ ತಾನೇ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ, ನಿಜ. ಆದರೂ ತೆರೆಯುವ, ಸಾಲು ಬಿಡಿಸುವ, ಹೋಲಿಸುವ ದುಡಿಮೆ ತಪ್ಪದು. ಪಟ್ಟಿಯಲ್ಲಿ ಇಲ್ಲದ ತಾಣಕ್ಕಂತೂ ಕೊನೆಯ ಸಾಲಿನವರೆಗೂ ಹೋಗಲೇಬೇಕು. ಬಹುಪಾಲು ಪ್ರಶ್ನೆಗಳು ಅಂಥವೇ.

ಪರಿಹಾರ ಸರಳ, ನನಗಂತೂ ಬಹಳ ಇಷ್ಟವಾದದ್ದು. ಸಹಾಯಕ ಶುರುವಾದಾಗ ಒಮ್ಮೆ ಕಡತ ಓದಿ ಹೆಸರುಗಳನ್ನೆಲ್ಲ ಹ್ಯಾಶ್ ಕೋಷ್ಟಕಕ್ಕೆ ತುಂಬಿಕೊಳ್ಳಲಿ. ಆಮೇಲೆ ಪಟ್ಟಿ ಎಷ್ಟೇ ಉದ್ದವಿರಲಿ, ಹುಡುಕುವ ಶ್ರಮ ಹೆಚ್ಚುಕಡಿಮೆ ಒಂದೇ. ಸ್ಕ್ವಿಡ್ ಕೂಡ ಇಂಥ ಹೌದು-ಅಲ್ಲ ಉತ್ತರಗಳನ್ನು, ನಾವು ಬೇರೆ ಹೇಳದಿದ್ದರೆ, 3600 ಸೆಕೆಂಡು ನೆನಪಿಡುತ್ತದೆ. ಆದರೆ ಪೂರ್ತಿ ವಿಳಾಸವನ್ನೇ ಕೇಳುವಂತೆ ಬರೆದಿದ್ದರೆ ಪ್ರತಿ ಚಿತ್ರವೂ ಅದಕ್ಕೆ ಹೊಸ ಪ್ರಶ್ನೆ. ತಾಣದ ಹೆಸರಷ್ಟನ್ನೇ ಕೇಳಿಸುವುದು ಮೇಲು.

ಕಷ್ಟವಿರುವುದು ಮರೆಯುವುದರಲ್ಲಿ. ಪಟ್ಟಿಗೆ ಹೊಸ ಹೆಸರು ಸೇರಿದ್ದು ಸಹಾಯಕಕ್ಕೆ ಗೊತ್ತಾಗುವುದು ಹೇಗೆ? ಕಡತ ಕೊನೆಯ ಸಲ ಬದಲಾದ ಸಮಯವನ್ನು ಕಾರ್ಯಾಚರಣಾ ವ್ಯವಸ್ಥೆ ದಾಖಲಿಸಿರುತ್ತದೆ. ಐದು ಸೆಕೆಂಡಿಗೊಮ್ಮೆ ಅದನ್ನಷ್ಟೇ ನೋಡಿ, ಬದಲಾಗಿದ್ದರೆ ಮಾತ್ರ ಮತ್ತೆ ಓದಿದರೆ ಸಹಾಯಕದ ಮಟ್ಟಿಗೆ ಸಾಕು; ಸ್ಕ್ವಿಡ್ ಆಗಲೇ ನೆನಪಿಟ್ಟ ಉತ್ತರ ಮಾತ್ರ ಅದರ ಅವಧಿ ಮುಗಿಯುವವರೆಗೂ ಉಳಿಯುತ್ತದೆ. ಪಟ್ಟಿ ತಿದ್ದುವವರೂ ಒಂದು ಎಚ್ಚರ ವಹಿಸಬೇಕು: ಬೇರೆ ಹೆಸರಿನ ಕಡತದಲ್ಲಿ ಪೂರ್ತಿ ಬರೆದು, ಆಮೇಲೆ ಹಳೆಯ ಹೆಸರಿಗೆ ಬದಲಿಸಬೇಕು. ಇಲ್ಲವಾದರೆ ಸಹಾಯಕ ಅರ್ಧ ಬರೆದ ಪಟ್ಟಿಯನ್ನೇ ನಂಬಿಬಿಡುತ್ತದೆ.

ಜುಲೈ ಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಈ ನೆನಪೆಲ್ಲ ಅಳಿಸಿಹೋಗುತ್ತದೆ. ಕರೆಂಟ್ ಬಂದ ಮೇಲೆ ಸಹಾಯಕ ಒಮ್ಮೆ ಕಡತ ಓದಿಕೊಳ್ಳುತ್ತದೆ, ಅಷ್ಟೇ.