ಹುಳದ ಹಿಕ್ಕೆಯಿಂದ ಬಟ್ಟೆಗೆ ಬಣ್ಣ

ರಟ್ಟೀಹಳ್ಳಿ, ಹಿರೇಕೆರೂರು ಕಡೆ ನೀವು ರೇಷ್ಮೆ ಹುಳ ಸಾಕುವವರಾದರೆ ಹಿಕ್ಕೆಗೆ ಬರವಿಲ್ಲ. 100 ಮೊಟ್ಟೆ ಗುಂಪಿನ ಲೆಕ್ಕದ ಚಾಕಿ, ಅಂದರೆ ಎಳೆ ಹುಳ, ತಂದರೆ 40,000ದ ಆಸುಪಾಸು ಹುಳ. ಅವು ಹೆಚ್ಚುಕಡಿಮೆ ಒಂದು ಟನ್ ಸೊಪ್ಪು ಮೇಯುತ್ತವೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಜೀರ್ಣವಾಗದೆ ಕಪ್ಪು ಕಾಳುಗಳಾಗಿ ಹೊರಬೀಳುತ್ತದೆ. ಸೊಪ್ಪಿನ ಬಣ್ಣವೂ ಅದರಲ್ಲೇ ಉಳಿದಿರುತ್ತದೆ. ಚೀನಾದಲ್ಲಿ ಹಿಕ್ಕೆಯಿಂದ ಕ್ಲೋರೊಫಿಲ್, ಅಂದರೆ ಎಲೆಯ ಹಸಿರು, ತೆಗೆಯುವ ಉದ್ಯಮವೇ ಇದೆ.

ಹಾಗಾದರೆ ಕುದಿಸಿದರೆ ಹಸಿರು ಬಣ್ಣ ಬರುತ್ತದೆಯೇ? ಇಲ್ಲ. ಕ್ಲೋರೊಫಿಲ್ ನೀರಿನಲ್ಲಿ ಕರಗುವುದಿಲ್ಲ. ಬರೀ ನೀರಿಗೆ ಬಿಡುವುದು ಸೊಪ್ಪಿನ ಹಳದಿ, ಕಂದು ಅಂಶ ಮಾತ್ರ. ಹಸಿರು ಬೇಕೆಂದರೆ ಬಟ್ಟೆ ಸೋಡಾ ಹಾಕಿ ಕುದಿಸಬೇಕು, ಆಮೇಲೆ ಮೈಲುತುತ್ತದಿಂದ ಅದನ್ನು ಗಟ್ಟಿಮಾಡಬೇಕು. ಮನೆಯಲ್ಲಿ ಮಾಡುವವರಿಗೆ ಇದು ಬೇಡ ಎನ್ನುತ್ತೇನೆ. ಸೋಡಾ ರೇಷ್ಮೆ ಬಟ್ಟೆಯನ್ನು ಕೆಡಿಸುತ್ತದೆ. ಮೈಲುತುತ್ತದ ನೀರು ಹರಿದು ಹಳ್ಳಕ್ಕೆ ಸೇರಿದರೆ ಮೀನಿಗೆ ವಿಷ.

ಹಳದಿ ಕಂದು ಬಣ್ಣಕ್ಕೆ ಹೀಗೆ ಮಾಡಿ. ಲೆಕ್ಕ 100 ಗ್ರಾಂ ಹತ್ತಿ ಬಟ್ಟೆಗೆ. ಮೊದಲು ಬಟ್ಟೆಯ ಗಂಜಿ ಹೋಗುವಂತೆ ಒಗೆಯಿರಿ. 20 ಗ್ರಾಂ ಅಳಲೆಕಾಯಿ ಪುಡಿಯ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಹಿಂಡಿ. ಆಮೇಲೆ 15 ಗ್ರಾಂ ಪಟಿಕ ಕರಗಿಸಿದ ಬಿಸಿನೀರಿನಲ್ಲಿ ಒಂದು ತಾಸು ಬಿಡಿ. ಪಟಿಕವೇ ಇಲ್ಲಿ ಮಾರ್ಡೆಂಟ್, ಅಂದರೆ ಬಣ್ಣ ನೂಲಿಗೆ ಕಚ್ಚುವಂತೆ ಮಾಡುವ ಪದಾರ್ಥ. ರೇಷ್ಮೆ, ಉಣ್ಣೆಗೆ ಅಳಲೆ ಬೇಕಿಲ್ಲ, ಪಟಿಕ ಸಾಕು.

ನೆರಳಲ್ಲಿ ಒಣಗಿಸಿದ 200 ಗ್ರಾಂ ಹಿಕ್ಕೆಯನ್ನು ರಾತ್ರಿ ನೆನೆಹಾಕಿ, ಒಂದು ತಾಸು ಕುದಿಸಿ, ಬಟ್ಟೆಯಲ್ಲಿ ಸೋಸಿ. ಸೋಸಿದ ನೀರಿನಲ್ಲಿ ಪಟಿಕದಿಂದ ತೆಗೆದ ಒದ್ದೆ ಬಟ್ಟೆ ಮುಳುಗಿಸಿ, ಸಣ್ಣ ಉರಿಯಲ್ಲಿ ಮುಕ್ಕಾಲು ತಾಸು ಮಗುಚುತ್ತಿರಿ. ಬೂದು ಬಣ್ಣ ಬೇಕಿದ್ದರೆ ಕೊನೆಗೆ 2 ಗ್ರಾಂ ಅನ್ನಭೇದಿಯ ನೀರಿನಲ್ಲಿ ಅದ್ದಿ. ಹತ್ತಿಯ ಮೇಲೆ ಬರುವ ಬಣ್ಣದಲ್ಲಿ ಅಳಲೆಯದೂ ದೊಡ್ಡ ಪಾಲು. ಪೂರ್ತಿ ಯಶಸ್ಸನ್ನು ಹುಳಕ್ಕೆ ಕೊಡಬೇಡಿ.

ನಾತ ಬರುವುದಿಲ್ಲವೇ? ಕುದಿಯುವಾಗ ಸೊಪ್ಪಿನ ವಾಸನೆ ಇರುತ್ತದೆ. ಎರಡು ಸಲ ಜಾಲಿಸಿದರೆ ಹೋಗುತ್ತದೆ. ಗೊಬ್ಬರ ನಷ್ಟವೇ? ಅದೂ ಇಲ್ಲ. ಪಟಿಕವನ್ನು ಬೇರೆ ಪಾತ್ರೆಯಲ್ಲಿ ಹಾಕಿದ್ದರಿಂದ ಸೋಸಿ ಉಳಿದ ಚರಟ ತಿಪ್ಪೆಗೆ ಹೋಗಬಹುದು. ಆದರೆ ಸುಣ್ಣಕಟ್ಟು, ಹಾಲುತೊಂಡೆ ರೋಗ ಬಂದ ಬೆಳೆಯ ಹಿಕ್ಕೆ ಮುಟ್ಟಬೇಡಿ. ಯಾವ ಹಿಕ್ಕೆಯನ್ನೂ ಹುಳುಮನೆ ಹತ್ತಿರ ಒಣಹಾಕಬೇಡಿ, ರೋಗ ಹರಡುತ್ತದೆ. ಸುಣ್ಣದ ಪುಡಿ ಉದುರಿಸಿದ ದಿನದ್ದೂ ಬೇಡ, ಬಣ್ಣ ಬದಲಾಗುತ್ತದೆ.

ಹಿಕ್ಕೆಗೆ ಕಾಸಿಲ್ಲ. ಪಟಿಕ ಕಿರಾಣಿ ಅಂಗಡಿಯಲ್ಲೇ ಇದೆ, ಅಳಲೆ ಗ್ರಂಥಿಗೆ ಅಂಗಡಿಯಲ್ಲಿ. ನಿಜವಾದ ಖರ್ಚು ಉರುವಲು ಮತ್ತು ನೀರಿನದು. ಖಾದಿ ಬೇಕಿದ್ದರೆ ರಾಷ್ಟ್ರಧ್ವಜ ತಯಾರಿಸುವ ಹುಬ್ಬಳ್ಳಿಯ ಬೆಂಗೇರಿ ಇದೆ. ನೀವು ಹುಳ ಸಾಕದಿದ್ದರೆ ಯಾರ ಮನೆಯಲ್ಲಿ ಬೆಳೆ ಇದೆಯೆಂದು ರೇಷ್ಮೆ ಇಲಾಖೆಯವರನ್ನು ಕೇಳಿ. ಬಣ್ಣ ಹಾಕಿದ ಬಟ್ಟೆ ಬಿಸಿಲಿಗೆ ಮಾಸುತ್ತದೆ. ಅಂಟುವಾಳದಲ್ಲಿ ಒಗೆದು ನೆರಳಲ್ಲೇ ಒಣಗಿಸಿ.